ರೋಮನರ ಬೆಳ್ಳಿಯ ನಾಣ್ಯಗಳು: ಮುಖವೂ ತೂಕವೂ

(ಶ್ರೀಮಠದ ರಜತಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಶುಭಸಂದರ್ಭದಲ್ಲಿ ನಾನು ಷಟ್‌ಸ್ಥಲವನ್ನೋ ವಚನಶಾಸ್ತ್ರವನ್ನೋ ಕುರಿತು ಮಾತನಾಡುವೆನೆಂದು ತಾವು ಎಣಿಸಿದ್ದಿರಬಹುದು. ಪಾಠಶಾಲೆಯಲ್ಲಿ ಕೌಮುದಿಯನ್ನೂ ಅಮರವನ್ನೂ ಹೇಳಿಕೊಡುತ್ತ ತಲೆ ನರೆತವನಿಗೆ ಸಮುದ್ರದಾಚೆಯ ರೋಮನರ ನಾಣ್ಯಗಳ ಗೊಡವೆ ಏತಕ್ಕೆ ಎಂದು ಕೇಳುವವರೂ ಇರಬಹುದು. ಅದಕ್ಕೆ ಕಾರಣವುಂಟು. ಮಹೋತ್ಸವದ ನೆನಪಿಗಾಗಿ ಬೆಳ್ಳಿಯ ನಾಣ್ಯವೊಂದನ್ನು ಅಚ್ಚು ಹಾಕಿಸಬೇಕೆಂದು ಸಮಿತಿಯವರು ನಿರ್ಧರಿಸಿದಾಗ, ಅದರ ಮೇಲೆ ಏನನ್ನು ಚಿತ್ರಿಸಬೇಕು ಎಂಬ ಪ್ರಶ್ನೆ ಹುಟ್ಟಿತು. ಶ್ರೀಗಳವರ ಭಾವಚಿತ್ರವೇ ಇರತಕ್ಕದ್ದೆಂದು ಬಹುಮಂದಿ ಹೇಳಿದರು. ನಿಜ ಹೇಳುವುದಾದರೆ, ಮೊದಲ ದಿನ ಹಾಗೆ ಹೇಳಿದವರಲ್ಲಿ ನಾನೂ ಒಬ್ಬನು. ಬಳಿಕ ಸಮಿತಿಯವರು, ‘ಪಂಡಿತರೇ, ನಾಣ್ಯದ ಮೇಲೆ ಚಿತ್ರವನ್ನು ಇಡುವ ಪದ್ಧತಿಯ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಿ ತಿಳಿಸಿರಿ’ ಎಂದು ಅಪ್ಪಣೆ ಮಾಡಿದರು. ಹಾಗೆ ನೋಡಹೊರಟವನು ರೋಮಿಗೆ ಹೋಗಿ ಸೇರಿದೆನು. ಅಲ್ಲಿ ಕಂಡುದನ್ನು ತಮ್ಮ ಮುಂದೆ ಇಡುತ್ತೇನೆ.

ಆ ದಾರಿಯ ಮೊದಲ ಮೆಟ್ಟಿಲು ನನ್ನ ಬಾಲ್ಯದ ಅಮರಕೋಶದಲ್ಲಿಯೇ ಇದ್ದಿತು. ‘ನಿಷ್ಕ’ ಎಂಬ ಪದಕ್ಕೆ ಅಮರಸಿಂಹನು ಕೊಡುವ ಅರ್ಥಗಳಲ್ಲಿ ‘ದೀನಾರ’ವೂ ಒಂದು. ಅಂದು ನಾವು ಅದನ್ನು ಸಂಸ್ಕೃತದ್ದೇ ಎಂದು ತಿಳಿದು ಬಾಯಿಪಾಠ ಮಾಡಿದೆವು. ಗುಪ್ತರ ಕಾಲದ ಶಾಸನಗಳಲ್ಲಿ ಚಿನ್ನದ ನಾಣ್ಯಕ್ಕೆ ಇದೇ ಹೆಸರು ಬರುವುದು. ಆದರೆ ಈ ಪದವು ರೋಮನರ ‘ದೆನಾರಿಯಸ್’ ಎಂಬ ಪದದಿಂದ ಬಂದುದು. ಅರಬ್ಬೀ ನಾಡುಗಳ ‘ದಿನಾರ್’ ಸಹ ಅದರದೇ ಸಂತತಿ. ಒಂದು ನಾಣ್ಯವು ಕಡಲನ್ನು ದಾಟಿ ಬಂದು, ನಮ್ಮ ದೇವಭಾಷೆಯ ನಿಘಂಟಿನಲ್ಲಿ ಸ್ಥಾನ ಪಡೆದು, ಮಠದ ಜಗಲಿಯ ಮೇಲೆ ಕುಳಿತ ಹುಡುಗನ ನಾಲಿಗೆಯ ಮೇಲೆ ನಲಿಯಿತೆಂದರೆ ಅದರ ಸಂಚಾರವು ಸಾಮಾನ್ಯವಾದುದಲ್ಲ.

ಈ ದೆನಾರಿಯಸ್ ಎಂಬ ಬೆಳ್ಳಿಯ ನಾಣ್ಯವು ಹುಟ್ಟಿದುದು ಕ್ರಿಸ್ತಪೂರ್ವ ೨೧೧ರ ಸುಮಾರಿಗೆ. ಆಗ ರೋಮ್ ಪಟ್ಟಣವು ಕಾರ್ಥೇಜಿನ ಸೇನಾನಿ ಹ್ಯಾನಿಬಲನೊಡನೆ ಸಾವುಬದುಕಿನ ಯುದ್ಧದಲ್ಲಿ ತೊಡಗಿದ್ದಿತು. ಒಂದು ದೆನಾರಿಯಸ್‌ಗೆ ‘ಆಸ್’ ಎಂಬ ಹತ್ತು ಕಂಚಿನ ನಾಣ್ಯಗಳು ಸಮ. ಹತ್ತನ್ನು ಒಳಗೊಂಡುದು ಎಂಬ ಅರ್ಥದಲ್ಲಿಯೇ ಆ ಹೆಸರು ಬಂದಿತು. ಮೊದಲ ನಾಣ್ಯಗಳ ಮೇಲೆ ರೋಮನರ ಹತ್ತರ ಅಂಕವೂ ಇರುವುದು. ಒಂದು ರೋಮನ್ ಪೌಂಡ್ ತೂಕದ ಬೆಳ್ಳಿಯಿಂದ ಮೊದಲು ೭೨ ನಾಣ್ಯಗಳನ್ನು ಮಾಡುತ್ತಿದ್ದರು; ಕೆಲವೇ ಕಾಲದಲ್ಲಿ ಅದು ೮೪ಕ್ಕೆ ಏರಿ ನೆಲೆನಿಂತಿತು. ಅಂದರೆ ನಾಣ್ಯವೊಂದರ ತೂಕ ಸುಮಾರು ೩.೯ ಗ್ರಾಂ. ನಮ್ಮ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಮೂರು ನಾಣ್ಯಗಳು ಕೂಡಿದರೆ ಹೆಚ್ಚುಕಡಮೆ ಒಂದು ತೊಲೆ. ಬೆಳ್ಳಿಯೂ ಬಹುಮಟ್ಟಿಗೆ ಚೊಕ್ಕವಾದುದೇ.

ರೋಮಿನ ಕಮ್ಮಟವಿದ್ದುದು ಕ್ಯಾಪಿಟಲ್ ಎಂಬ ಬೆಟ್ಟದಲ್ಲಿ, ಜೂನೋ ಮೊನೇಟಾ ಎಂಬ ದೇವಿಯ ಗುಡಿಯ ಬಳಿಯಲ್ಲಿ. ಈ ಮೊನೇಟಾ ಎಂಬ ಹೆಸರಿನಿಂದಲೇ ಇಂಗ್ಲಿಷರು ಹಣಕ್ಕೂ ಕಮ್ಮಟಕ್ಕೂ ಬಳಸುವ ಪದಗಳೆರಡೂ ಹುಟ್ಟಿದವು. ಕೆಲಸವೆಲ್ಲವೂ ಕೈಯಿಂದಲೇ ನಡೆಯುತ್ತಿದ್ದಿತು. ಅಡಿಗಲ್ಲಿನಲ್ಲಿ ಒಂದು ಅಚ್ಚನ್ನು ಹುದುಗಿಸಿ, ಅದರ ಮೇಲೆ ತೂಗಿ ಕಾಯಿಸಿದ ಬೆಳ್ಳಿಯ ಬಿಲ್ಲೆಯನ್ನು ಇಟ್ಟು, ಮೇಲೆ ಇನ್ನೊಂದು ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುವರು. ಒಂದು ಪೆಟ್ಟಿಗೆ ಎರಡು ಮುಖಗಳೂ ಮೂಡುವುವು. ಪೆಟ್ಟು ಓರೆಯಾದರೆ ದೇವರ ಕಿವಿಯೋ ಅರಸನ ಗಡ್ಡವೋ ಅಂಚಿನಿಂದಾಚೆಗೆ ಹೋಗುವುದು. ಆದುದರಿಂದ ಒಂದೇ ಅಚ್ಚಿನ ನಾಣ್ಯಗಳಲ್ಲಿಯೂ ಒಂದು ಇನ್ನೊಂದರಂತೆ ಇರುವುದಿಲ್ಲ. ಚಿತ್ರವು ಅತ್ತಿತ್ತ ಸರಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ತೂಕವು ಸರಿಯಾಗಿರಬೇಕು ಎಂಬುದೊಂದೇ ನಿಯಮ.

ಮೊದಮೊದಲು ಆ ನಾಣ್ಯಗಳ ಮೇಲೆ ಇದ್ದುದೇನು? ಮುಂಬದಿಯಲ್ಲಿ ಶಿರಸ್ತ್ರಾಣ ಧರಿಸಿದ ರೋಮಾ ದೇವಿಯ ತಲೆ. ಹಿಂಬದಿಯಲ್ಲಿ ಕುದುರೆಗಳನ್ನೇರಿ ಈಟಿ ಹಿಡಿದು ಧಾವಿಸುವ ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಅವಳಿ ದೇವತೆಗಳು; ಅವರ ತಲೆಗಳ ಮೇಲೆ ಎರಡು ನಕ್ಷತ್ರಗಳು. ಕಷ್ಟದಲ್ಲಿರುವವರಿಗೆ ಕುದುರೆಯೇರಿ ಬಂದು ನೆರವಾಗುವ ಈ ಅವಳಿಗಳನ್ನು ಕಂಡಾಗ ವೇದಾಧ್ಯಯನ ಮಾಡಿದವರಿಗೆ ಅಶ್ವಿನೀದೇವತೆಗಳ ನೆನಪಾಗದೆ ಇರದು; ಈ ಸಾಮ್ಯವನ್ನು ಭಾಷಾಶಾಸ್ತ್ರಜ್ಞರೂ ಎತ್ತಿ ತೋರಿಸಿದ್ದಾರೆ. ಕೆಳಗೆ ‘ರೋಮಾ’ ಎಂಬ ಒಂದೇ ಪದ. ಮನುಷ್ಯನ ಹೆಸರಾಗಲಿ ಮುಖವಾಗಲಿ ಇಲ್ಲ.

ಆದರೆ ಮನುಷ್ಯನು ತನ್ನ ಹೆಸರನ್ನು ಎಷ್ಟು ಕಾಲ ಅಡಗಿಸಿಟ್ಟಾನು? ಕಮ್ಮಟದ ಆಡಳಿತಕ್ಕೆ ಮೂವರು ತರುಣ ಅಧಿಕಾರಿಗಳು ನೇಮಕವಾಗುತ್ತಿದ್ದರು. ಇವರು ಮೊದಲು ಮೂಲೆಯಲ್ಲೊಂದು ಚಿಕ್ಕ ಗುರುತನ್ನು ಇಟ್ಟರು, ಆಮೇಲೆ ಒಂದೆರಡು ಅಕ್ಷರಗಳು, ಆಮೇಲೆ ಪೂರ್ಣನಾಮ, ಆಮೇಲೆ ತಮ್ಮ ತಾತಮುತ್ತಾತಂದಿರ ಸಾಹಸಗಳು. ಮೆಟೆಲ್ಲಸ್ ಎಂಬ ಮನೆತನದವರು ತಮ್ಮ ಪೂರ್ವಿಕನೊಬ್ಬನು ಕಾರ್ಥೇಜಿನವರ ಆನೆಗಳನ್ನು ಸೆರೆಹಿಡಿದುದರ ನೆನಪಿಗೆ ಆನೆಯ ತಲೆಯನ್ನು ಅಚ್ಚು ಹಾಕಿಸಿದರು. ಕ್ರಿಸ್ತಪೂರ್ವ ೫೪ರಲ್ಲಿ ಮಾರ್ಕಸ್ ಬ್ರೂಟಸ್ ಎಂಬ ತರುಣನು ಈ ಅಧಿಕಾರದಲ್ಲಿದ್ದಾಗ, ಮುಂಬದಿಯಲ್ಲಿ ಸ್ವಾತಂತ್ರ್ಯದೇವಿಯ ತಲೆಯನ್ನೂ, ಹಿಂಬದಿಯಲ್ಲಿ ರೋಮಿನ ಕಡೆಯ ಅರಸನನ್ನು ಹೊರದೂಡಿದ ತನ್ನ ಪೂರ್ವಿಕನು ಅಂಗರಕ್ಷಕರ ನಡುವೆ ನಡೆದುಹೋಗುವ ಚಿತ್ರವನ್ನೂ ಇಡಿಸಿದನು. ಇಷ್ಟಾದರೂ ಒಂದು ಮರ್ಯಾದೆಯು ಮಾತ್ರ ಉಳಿದಿದ್ದಿತು. ಸತ್ತವರ ಮುಖವು ಬರಬಹುದು. ಬದುಕಿರುವವನ ಮುಖವು ರೋಮಿನ ಕಮ್ಮಟದ ನಾಣ್ಯದ ಮೇಲೆ ಬರಕೂಡದು. ಅದು ಅರಸರ ಲಕ್ಷಣ, ಅರಸೊತ್ತಿಗೆಯನ್ನು ನಾವು ಒಲ್ಲೆವು ಎಂಬುದು ಅವರ ಭಾವನೆ.

ಆ ಮರ್ಯಾದೆಯು ಮುರಿದುದು ಕ್ರಿಸ್ತಪೂರ್ವ ೪೪ರ ಮೊದಲ ತಿಂಗಳುಗಳಲ್ಲಿ. ಹಿರಿಯರ ಸಭೆಯು ತಾನೇ ಅನುಮತಿ ಕೊಟ್ಟು, ಜೂಲಿಯಸ್ ಸೀಸರನ ಮುಖವನ್ನು ಬೆಳ್ಳಿಯ ಮೇಲೆ ಒತ್ತಿಸಿತು. ಬತ್ತಿದ ಕೆನ್ನೆ, ಸುಕ್ಕುಬಿದ್ದ ಕೊರಳು, ತಲೆಯ ಮೇಲೆ ಮಾಲೆ. ಸುತ್ತಲೂ ‘ಸೀಸರನು, ಆಜೀವ ಸರ್ವಾಧಿಕಾರಿ’ ಎಂಬ ಬರೆಹ. ಹಿಂಬದಿಯಲ್ಲಿ ಅವನ ವಂಶದ ಮೂಲವೆಂದು ಹೇಳಿಕೊಳ್ಳಲಾದ ವೀನಸ್ ದೇವಿ. ಆಜೀವ ಎಂದು ಬರೆಯಿಸಿಕೊಂಡವನ ಜೀವವು ಆ ವರ್ಷದ ಮಾರ್ಚ್ ೧೫ರವರೆಗೆ ಮಾತ್ರ ಇದ್ದಿತು. ಸಭೆಯಲ್ಲಿಯೇ ಅವನನ್ನು ಇರಿದು ಕೊಂದರು. ಕೊಂದವರಲ್ಲಿ ಮುಖ್ಯನಾದವನು ಸ್ವಾತಂತ್ರ್ಯದೇವಿಯ ನಾಣ್ಯವನ್ನು ಅಚ್ಚು ಹಾಕಿಸಿದ ಆ ಬ್ರೂಟಸನೇ.

ಇಲ್ಲಿಗೆ ಕಥೆ ಮುಗಿದಿದ್ದರೆ ಬ್ರೂಟಸನನ್ನು ತತ್ತ್ವನಿಷ್ಠನೆಂದು ಹೊಗಳಿ ಮುಂದೆ ಹೋಗಬಹುದಾಗಿದ್ದಿತು. ಆದರೆ ಎರಡು ವರ್ಷಗಳ ಬಳಿಕ, ದಂಡಿನ ಸಂಬಳಕ್ಕಾಗಿ ಅವನು ಹೊರಡಿಸಿದ ನಾಣ್ಯವನ್ನು ನೋಡಿರಿ. ಹಿಂಬದಿಯಲ್ಲಿ ಎರಡು ಕಠಾರಿಗಳು. ಅವುಗಳ ನಡುವೆ, ಬಿಡುಗಡೆ ಪಡೆದ ದಾಸನು ಧರಿಸುವ ಟೊಪ್ಪಿಗೆ. ಕೆಳಗೆ ಸೀಸರನನ್ನು ಕೊಂದ ದಿನದ ಹೆಸರು. ಮುಂಬದಿಯಲ್ಲಿರುವುದು ಯಾರ ಮುಖ? ಬ್ರೂಟಸನದೇ! ಬದುಕಿರುವವನು ತನ್ನ ಮುಖವನ್ನು ನಾಣ್ಯದ ಮೇಲೆ ಇಡುವಂಥ ಪ್ರಭುತ್ವವನ್ನು ಅಳಿಸಲು ಕಠಾರಿ ಹಿಡಿದವನು, ಆ ಕಠಾರಿಯ ಹಿಂಬದಿಯಲ್ಲಿ ತನ್ನ ಮುಖವನ್ನೇ ಅಚ್ಚೊತ್ತಿಸಿದನು. ಕ್ರಿಸ್ತಪೂರ್ವ ೪೨ರಲ್ಲಿ ಫಿಲಿಪ್ಪಿಯ ಕಾಳಗದಲ್ಲಿ ಸೋತು ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಶರಣಬಂಧುಗಳೇ, ಅಹಂಕಾರವನ್ನು ಹೊರಗಿನ ಶತ್ರುವಿನಲ್ಲಿ ಕೊಲ್ಲುವುದು ಸುಲಭ. ತನ್ನಲ್ಲಿ ಕೊಲ್ಲುವುದು ದುಸ್ಸಾಧ್ಯ. ನಮ್ಮ ಶರಣರು ಜೀವಮಾನವೆಲ್ಲ ಸೆಣಸಿದುದು ಈ ಒಳಗಿನ ಮುಖದೊಡನೆ.

ಅನಂತರ ಬಂದವನು ಅಗಸ್ಟಸ್. ಇವನಿಂದ ಮುಂದೆ ನಾಣ್ಯದ ಮುಂಬದಿಯು ಚಕ್ರವರ್ತಿಯದೇ ಆಯಿತು. ಅವನ ನಾಣ್ಯಗಳಲ್ಲಿ ಒಂದರ ಕಥೆಯನ್ನು ಹೇಳದೆ ಇರಲಾರೆ. ಏಕೆಂದರೆ ನಮ್ಮ ದೇಶದ ನೆಲದಲ್ಲಿ ಅತಿಶಯವಾಗಿ ದೊರೆತಿರುವ ರೋಮನ್ ಬೆಳ್ಳಿಯ ನಾಣ್ಯಗಳಲ್ಲಿ ಅದೂ ಒಂದು. ಈಗಿನ ಫ್ರಾನ್ಸಿನ ಲಿಯೋನ್ ನಗರದ ಕಮ್ಮಟದಲ್ಲಿ ಕ್ರಿಸ್ತಪೂರ್ವ ೨ರಿಂದ ಅದನ್ನು ಅಚ್ಚು ಹಾಕಿದರು. ಮುಂಬದಿಯಲ್ಲಿ ಅಗಸ್ಟಸನ ತಲೆ; ‘ದೈವತ್ವವನ್ನು ಪಡೆದವನ ಪುತ್ರ, ದೇಶದ ತಂದೆ’ ಎಂಬ ಬಿರುದುಗಳು. ಹಿಂಬದಿಯಲ್ಲಿ ಗುರಾಣಿಗಳನ್ನೂ ಈಟಿಗಳನ್ನೂ ನಡುವೆ ಇರಿಸಿಕೊಂಡು ನಿಂತ ಇಬ್ಬರು ಕುಮಾರರು. ಇವರು ಅಗಸ್ಟಸನ ಮಗಳ ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್. ಗಂಡುಸಂತಾನವಿಲ್ಲದ ಚಕ್ರವರ್ತಿಯು ಇವರನ್ನು ದತ್ತುಮಾಡಿಕೊಂಡು, ಮುಂದಿನ ಪ್ರಭುಗಳು ಇವರೇ ಎಂದು ಲೋಕಕ್ಕೆ ಸಾರುವುದಕ್ಕಾಗಿ ಆ ನಾಣ್ಯವನ್ನು ಹೊರಡಿಸಿದನು. ಆದರೆ ಕ್ರಿ.ಶ. ೨ರಲ್ಲಿ ಕಿರಿಯನು ತೀರಿಕೊಂಡನು, ಕ್ರಿ.ಶ. ೪ರಲ್ಲಿ ಹಿರಿಯನೂ ತೀರಿಕೊಂಡನು. ತಾತನು ಇನ್ನೂ ಹತ್ತು ವರ್ಷ ಬದುಕಿದನು. ಪಟ್ಟವೇರದೆ ಮಡಿದ ಆ ಎಳೆಯರು ಮಾತ್ರ ಬೆಳ್ಳಿಯ ಮೇಲೆ ಇಂದಿಗೂ ಈಟಿ ಹಿಡಿದು ನಿಂತಿರುವರು. ಒಂದು ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಇಂಥ ನಾಣ್ಯವೊಂದನ್ನು ಕಂಡಾಗ ನನಗೆ ಚಕ್ರವರ್ತಿಯ ಪ್ರತಾಪವು ತೋರಲಿಲ್ಲ; ಮೊಮ್ಮಕ್ಕಳನ್ನು ಮಣ್ಣಿಗೆ ಒಪ್ಪಿಸಿದ ಒಬ್ಬ ಮುದುಕನು ತೋರಿದನು.

ಅಗಸ್ಟಸನ ಬಳಿಕ ಟೈಬೀರಿಯಸ್. ಇವನ ನಾಣ್ಯದ ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಸ್ತ್ರೀಮೂರ್ತಿಯೂ, ‘ಪ್ರಧಾನ ಪುರೋಹಿತ’ ಎಂಬ ಬಿರುದೂ ಇರುವುವು. ಕ್ರೈಸ್ತರ ಸುವಾರ್ತೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಚಕ್ರವರ್ತಿಗೆ ತೆರಿಗೆ ಕೊಡುವುದು ಧರ್ಮವೋ ಅಧರ್ಮವೋ ಎಂದು ಕೆಲವರು ಯೇಸುವನ್ನು ಸಿಕ್ಕಿಸಲು ಕೇಳಿದರು. ಅವರು ಒಂದು ದೆನಾರಿಯಸ್ ತರಿಸಿ, ಇದರ ಮೇಲೆ ಯಾರ ಮುಖವಿದೆಯೆಂದು ಪ್ರಶ್ನಿಸಿ, ಅರಸನದನ್ನು ಅರಸನಿಗೂ ದೇವರದನ್ನು ದೇವರಿಗೂ ಸಲ್ಲಿಸಿರೆಂಬ ಅಭಿಪ್ರಾಯದ ಉತ್ತರವನ್ನು ಕೊಟ್ಟರು. ಆ ನಾಣ್ಯವು ಟೈಬೀರಿಯಸನದೆಂದು ಬಹುಮಂದಿ ವಿದ್ವಾಂಸರ ಎಣಿಕೆ. ಅದೇ ಸುವಾರ್ತೆಗಳಲ್ಲಿ ದ್ರಾಕ್ಷಿಯ ತೋಟದಲ್ಲಿ ದುಡಿದ ಆಳಿಗೆ ದಿನದ ಕೂಲಿ ಒಂದು ದೆನಾರಿಯಸ್ ಎಂದಿದೆ. ಅಗಸ್ಟಸನ ಕಾಲದ ಕಾಲಾಳಿಗೆ ವರ್ಷದ ಸಂಬಳ ೨೨೫ ದೆನಾರಿಯಸ್. ಹೀಗೆ ನಾಣ್ಯವೊಂದರಲ್ಲಿ ಮುಂಬದಿ ಅರಸನದಾದರೂ, ಒಳಗಿನ ಬೆಳ್ಳಿಯು ಒಬ್ಬ ಮನುಷ್ಯನು ಬೆಳಗಿನಿಂದ ಬೈಗಿನವರೆಗೆ ಮಾಡಿದ ಕಾಯಕ. ಈ ಮಾತನ್ನು ತಾವು ಮನಸ್ಸಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಈ ಇಬ್ಬರ ನಾಣ್ಯಗಳು ನಮ್ಮ ನಾಡಿಗೂ ಬಂದವು. ಮೆಣಸು, ಮುತ್ತು, ರತ್ನ, ಹತ್ತಿಯ ಬಟ್ಟೆಗಳಿಗೆ ಬೆಲೆಯಾಗಿ ರೋಮಿನ ಬೆಳ್ಳಿ ಬಂಗಾರಗಳು ಹಡಗಿನಲ್ಲಿ ಹರಿದು ಬರುತ್ತಿದ್ದವು. ಭಾರತವೊಂದೇ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್, ಎಂದರೆ ಒಂದೂಕಾಲು ಕೋಟಿ ದೆನಾರಿಯಸ್‌ಗಳಷ್ಟು ಹಣವನ್ನು ಸೆಳೆದುಕೊಳ್ಳುತ್ತಿದೆಯೆಂದು ಪ್ಲಿನಿ ಎಂಬ ರೋಮನ್ ಪಂಡಿತನು ಹಲುಬಿದ್ದಾನೆ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ೧೬೩ ದೆನಾರಿಯಸ್‌ಗಳೂ, ೧೯೬೫ರಲ್ಲಿ ಅದೇ ಬೆಂಗಳೂರಿನ ಎಚ್.ಎ.ಎಲ್. ವಿಮಾನನಿಲ್ದಾಣದ ಬಳಿ ೨೫೬ ದೆನಾರಿಯಸ್‌ಗಳೂ ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಮೊದಲಾದವರು ನಡೆಸಿದ ಉತ್ಖನನಗಳಲ್ಲಿ ಶಾತವಾಹನರ ಕಾಲದ ನಾಣ್ಯಗಳೊಡನೆ ರೋಮನರ ಬೆಳ್ಳಿಯೂ ಕಾಣಿಸಿಕೊಂಡಿತು.

ನಮ್ಮ ಪೂರ್ವಿಕರಿಗೆ ಆ ಚಕ್ರವರ್ತಿಗಳ ಹೆಸರಾಗಲಿ ಲಿಪಿಯಾಗಲಿ ತಿಳಿಯದು. ಹಾಗಿದ್ದರೂ ಅದನ್ನು ಏಕೆ ನೆಚ್ಚಿದರು? ಈ ಪ್ರಶ್ನೆಗೆ ಉತ್ತರವಾಗಿ ಪ್ಲಿನಿಯು ಬರೆದಿಟ್ಟ ಒಂದು ವೃತ್ತಾಂತವಿದೆ. ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ, ಎಂದರೆ ಕ್ರಿ.ಶ. ೪೧ರಿಂದ ೫೪ರ ಒಳಗೆ, ಅರಬ್ಬೀ ಕರಾವಳಿಯಲ್ಲಿ ಸಾಗುತ್ತಿದ್ದ ಒಬ್ಬ ರೋಮನನ ಹಡಗು ಬಿರುಗಾಳಿಗೆ ಸಿಕ್ಕಿ ಹದಿನೈದನೆಯ ದಿನ ಸಿಂಹಳದ್ವೀಪವನ್ನು ಮುಟ್ಟಿತು. ಅಲ್ಲಿಯ ಅರಸನು ಅವನನ್ನು ಆರು ತಿಂಗಳು ಆದರಿಸಿ ರೋಮಿನ ಸಮಾಚಾರವನ್ನೆಲ್ಲ ವಿಚಾರಿಸಿದನು. ಅವನಿಂದ ಪಡೆದ ದೆನಾರಿಯಸ್‌ಗಳನ್ನು ನೋಡಿದಾಗ, ಅವುಗಳ ಮೇಲಿನ ಮುಖಗಳು ಬೇರೆಬೇರೆ. ಅರ್ಥಾತ್ ಬೇರೆಬೇರೆ ಪ್ರಭುಗಳು ಹೊರಡಿಸಿದವು. ತೂಗಿದಾಗ ತೂಕ ಮಾತ್ರ ಒಂದೇ! ಈ ಜನರು ಪ್ರಾಮಾಣಿಕರು ಎಂದು ಆ ಅರಸನು ಮೆಚ್ಚಿ, ರೋಮಿಗೆ ತನ್ನ ರಾಯಭಾರಿಗಳನ್ನು ಕಳುಹಿಸಿದನಂತೆ.

ಮಹನೀಯರೇ, ನನ್ನ ಉಪನ್ಯಾಸದ ಪ್ರಾಣವು ಈ ವೃತ್ತಾಂತದಲ್ಲಿರುವುದು. ರೋಮನರು ನಾಣ್ಯದ ಮೇಲೆ ದೇವರನ್ನು, ಆನೆಯನ್ನು, ಕಠಾರಿಯನ್ನು, ತಮ್ಮ ಮುಖವನ್ನು ಎಷ್ಟೇ ಶ್ರಮದಿಂದ ಕೆತ್ತಿಸಿದ್ದರೂ, ದೂರದ ಅರಸನು ಅವುಗಳಲ್ಲಿ ಒಂದಕ್ಕೂ ಮರುಳಾಗಲಿಲ್ಲ. ಅವನ ತಕ್ಕಡಿಗೆ ಸಿಕ್ಕಿದುದು ತೂಕ. ಮುಖಗಳು ಬದಲಾದರೂ ತೂಕವು ಬದಲಾಗದಿರುವುದೇ ಸತ್ಯವೆಂದು ಅವನು ಗ್ರಹಿಸಿದನು.

ಆದರೆ ಆ ಕೀರ್ತಿಯು ಉಳಿಯಲಿಲ್ಲ. ಕ್ರಿ.ಶ. ೬೪ರಲ್ಲಿ ರೋಮ್ ನಗರವು ಬೆಂಕಿಗೆ ಆಹುತಿಯಾಯಿತು. ಖರ್ಚಿಗೆ ಸಾಲದ ನೀರೋ ಚಕ್ರವರ್ತಿಯು ಒಂದು ಪೌಂಡ್ ಬೆಳ್ಳಿಗೆ ೮೪ರ ಬದಲು ೯೬ ನಾಣ್ಯಗಳನ್ನು ಮಾಡಿಸಿದನು. ಬೆಳ್ಳಿಯಲ್ಲಿ ತಾಮ್ರವನ್ನೂ ಹೆಚ್ಚಾಗಿ ಬೆರಸಿದನು. ಮುಖವು ಮಾತ್ರ ಮೊದಲಿಗಿಂತ ದುಂಡಾಗಿ ಅಂದವಾಗಿ ಬಂದಿತು. ನಮ್ಮ ದೇಶದ ನಿಕ್ಷೇಪಗಳಲ್ಲಿ ಅಗಸ್ಟಸ್, ಟೈಬೀರಿಯಸರ ಹಳೆಯ ಬೆಳ್ಳಿಯೇ ಹೇರಳವಾಗಿ, ನೀರೋವಿನ ಅನಂತರದ ಬೆಳ್ಳಿಯು ವಿರಳವಾಗಿ ದೊರೆಯುವುದನ್ನು ಕಂಡರೆ, ಈ ಕಡೆಯ ಚಿನಿವಾರರ ಒರೆಗಲ್ಲು ನಿದ್ರಿಸುತ್ತಿರಲಿಲ್ಲವೆಂದು ಊಹಿಸಬಹುದು.

ಇಲ್ಲಿಂದ ಮುಂದಿನ ನೂರಾ ಐವತ್ತು ವರ್ಷಗಳ ನಾಣ್ಯಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಚಿತ್ರವು ಗೋಚರಿಸುವುದು. ಬೆಳ್ಳಿ ಇಳಿದಂತೆಲ್ಲ ಬಿರುದುಗಳು ಏರುವುವು. ವೆಸ್ಪೇಸಿಯನನು ಯೂದಾಯ ದೇಶವನ್ನು ಗೆದ್ದ ಸಂಭ್ರಮಕ್ಕೆ, ವಿಜಯಸ್ತಂಭದ ಅಡಿಯಲ್ಲಿ ತಲೆಬಾಗಿ ಕುಳಿತ ಸೆರೆಯ ಹೆಂಗಸನ್ನು ಚಿತ್ರಿಸಿದನು. ಅವಳೊಬ್ಬಳ ಹೆಸರು ಯಾರಿಗೂ ಬೇಕಿಲ್ಲ. ಸೋತ ದೇಶದ ಹೆಸರೇ ಅವಳ ಹೆಸರು. ಕ್ರಿ.ಶ. ೧೯೩ರಲ್ಲಿ ಅರಮನೆಯ ಕಾವಲಿನ ದಂಡಿನವರು ಚಕ್ರವರ್ತಿಯನ್ನು ಕೊಂದು ಸಿಂಹಾಸನವನ್ನು ಹರಾಜಿಗೆ ಇಟ್ಟರು. ತಲೆಗೆ ೨೫,೦೦೦ ಸೆಸ್ಟರ್ಸ್ ಕೊಡುವೆನೆಂದು ಕೂಗಿ ಅದನ್ನು ಕೊಂಡವನು ಡಿಡಿಯಸ್ ಜೂಲಿಯಾನಸ್. ಅವನು ಭೂಗೋಳವನ್ನು ಕೈಯಲ್ಲಿ ಹಿಡಿದು ನಿಂತ ನಾಣ್ಯದ ಮೇಲೆ ‘ಜಗನ್ನಿಯಾಮಕ’ ಎಂಬ ಬಿರುದಿದೆ. ಈ ಜಗನ್ನಿಯಾಮಕನ ಆಳಿಕೆ ಒಂಬತ್ತು ವಾರಗಳನ್ನು ಸ್ವಲ್ಪ ಮೀರಿತು. ಬಳಿಕ ಅವನನ್ನೂ ಕೊಂದರು.

ಅವನ ಬಳಿಕ ಬಂದ ಸೆಪ್ಟಿಮಿಯಸ್ ಸೆವೇರಸನು ದಂಡಿನ ಸಂಬಳವನ್ನು ಏರಿಸಿ, ಅದಕ್ಕಾಗಿ ನಾಣ್ಯದ ಬೆಳ್ಳಿಯನ್ನು ಸುಮಾರು ಅರ್ಧಕ್ಕೆ ಇಳಿಸಿದನು. ಅವನ ಹಿಂಬದಿಗಳಲ್ಲಿ ಯಾರಿದ್ದಾರೆ? ತಕ್ಕಡಿಯನ್ನು ಹಿಡಿದ ಸಮತಾದೇವಿ! ತಕ್ಕಡಿಯನ್ನೇ ಹಿಡಿದ ಕಮ್ಮಟದ ಮೊನೇಟಾ ದೇವಿ! ತೂಕದಲ್ಲಿ ವಂಚಿಸುವವನು ತಕ್ಕಡಿಯ ಚಿತ್ರವನ್ನೇ ಮುದ್ರಿಸಿದನು. ಅವನ ಮಗ ಕಾರಕಲ್ಲನಿಗೆ ೨೦೨ರಲ್ಲಿ ಪ್ಲೌಟಿಲ್ಲ ಎಂಬ ಕನ್ಯೆಯೊಡನೆ ವಿವಾಹವಾದಾಗ, ವಧೂವರರು ಕೈಹಿಡಿದು ನಿಂತ ಚಿತ್ರವೂ ‘ಸಾಮ್ರಾಜ್ಯದ ವಂಶಾಭಿವೃದ್ಧಿ’ ಎಂಬ ಬರೆಹವೂ ಬೆಳ್ಳಿಯ ಮೇಲೆ ಬಂದವು. ೨೦೫ರಲ್ಲಿ ಅವಳ ತಂದೆಯನ್ನು ಕೊಲ್ಲಿಸಿ ಅವಳನ್ನು ದ್ವೀಪಕ್ಕೆ ಗಡೀಪಾರು ಮಾಡಿದರು. ಕಾರಕಲ್ಲನು ಪಟ್ಟಕ್ಕೆ ಬಂದ ಮೇಲೆ ಅವಳ ಕೊಲೆಯೂ ಆಯಿತು. ನಾಣ್ಯದಲ್ಲಿ ಮಾತ್ರ ಇನ್ನೂ ಕೈಹಿಡಿದೇ ಇದ್ದಾನೆ.

ಈ ಕಾರಕಲ್ಲನೇ ೨೧೫ರಲ್ಲಿ ಹೊಸ ನಾಣ್ಯವೊಂದನ್ನು ಹೊರಡಿಸಿದನು. ಅದರಲ್ಲಿ ಅರಸನ ತಲೆಗೆ ಸೂರ್ಯನಂತೆ ಕಿರಣಗಳ ಕಿರೀಟ. ಅದಕ್ಕೆ ಎರಡು ದೆನಾರಿಯಸ್‌ಗಳ ಬೆಲೆ ಎಂದು ನಂಬುತ್ತಾರೆ. ಒಳಗಿದ್ದ ಬೆಳ್ಳಿಯೋ ಒಂದೂವರೆ ನಾಣ್ಯದಷ್ಟು. ಐವತ್ತಕ್ಕಿಂತ ತುಸು ಹೆಚ್ಚು ವರ್ಷಗಳಲ್ಲಿ, ಗ್ಯಾಲಿಯೆನಸನ ಆಳಿಕೆಯ ಕೊನೆಯಲ್ಲಿ, ಆ ನಾಣ್ಯದಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಉಳಿಯಲಿಲ್ಲ. ತಾಮ್ರದ ಬಿಲ್ಲೆಗೆ ಬೆಳ್ಳಿಯ ತೆಳ್ಳನೆಯ ಲೇಪ. ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಲೇಪವು ಸವೆದು ತಾಮ್ರ ಕಾಣಿಸುವುದು. ಕಿರೀಟದಲ್ಲಿ ಕಿರಣಗಳು ಹೊಳೆದಷ್ಟೂ ಒಡಲಿನಲ್ಲಿ ಕತ್ತಲೆ. ಜನರು ಹಳೆಯ ಒಳ್ಳೆಯ ನಾಣ್ಯಗಳನ್ನು ಮಡಕೆಗೆ ತುಂಬಿ ಹೂಳಿದರು, ಬೆಲೆಗಳು ಮುಗಿಲಿಗೇರಿದವು. ಮೊದಲು ನಾನು ಹೇಳಿದ್ದ ದ್ರಾಕ್ಷಿಯ ತೋಟದ ಆಳನ್ನು ಈಗ ನೆನಸಿಕೊಳ್ಳಿರಿ. ಅವನ ಬೆವರು ಕಡಮೆಯಾಗಲಿಲ್ಲ. ಅವನ ಕೂಲಿಯೊಳಗಿನ ಬೆಳ್ಳಿಯನ್ನು ಅವನಿಗೆ ತಿಳಿಯದಂತೆ ತೆಗೆದರು. ನಾಣ್ಯವನ್ನು ಕೆಡಿಸುವುದೆಂದರೆ ಇನ್ನೊಬ್ಬನ ಕಾಯಕವನ್ನು ಕದಿಯುವುದು. ಯಾಜ್ಞವಲ್ಕ್ಯಸ್ಮೃತಿಯು ಕೂಟನಾಣ್ಯ ಮಾಡುವವನಿಗೂ, ಸುಳ್ಳು ಪರೀಕ್ಷೆ ಹೇಳುವ ನಾಣಕಪರೀಕ್ಷಕನಿಗೂ ಕಠಿಣದಂಡವನ್ನು ವಿಧಿಸಿರುವುದು ಇದರಿಂದಲೇ. ಅರಸನೇ ಕೂಟಕಾರನಾದರೆ ದಂಡಿಸುವವರು ಯಾರು?

ಕೊನೆಗೆ ಕ್ರಿ.ಶ. ೨೯೪ರ ಸುಮಾರಿಗೆ ಡಯೋಕ್ಲೀಷಿಯನನು ಮತ್ತೆ ಚೊಕ್ಕ ಬೆಳ್ಳಿಯ ನಾಣ್ಯವನ್ನು ಹೊರಡಿಸಿದನು. ಅವುಗಳಲ್ಲಿ ಕೆಲವಕ್ಕೆ ಹಿಂಬದಿಯಲ್ಲಿ ದೇವಿಯೂ ಇಲ್ಲ, ಬಿರುದೂ ಇಲ್ಲ. ಮಾಲೆಯೊಂದರ ನಡುವೆ ರೋಮನ್ ಅಂಕಗಳಲ್ಲಿ ‘೯೬’ ಎಂದು ಮಾತ್ರ ಇರುವುದು. ಪೌಂಡಿಗೆ ತೊಂಬತ್ತಾರು ಎಂದು ಅದರ ಅರ್ಥ. ಹೊಗಳಿಕೆಯನ್ನು ಬಿಟ್ಟು ತೂಕವನ್ನೇ ಬರೆದುದು! ಐನೂರು ವರ್ಷಗಳ ಅನುಭವದಿಂದ ಆ ಜನರು ಕಲಿತ ಪಾಠವು ಈ ಒಂದು ಅಂಕದಲ್ಲಿದೆ.

ಇನ್ನು ನಮ್ಮ ನಾಡಿನ ಕಡೆಗೆ ಒಂದು ನೋಟ. ಶಾತವಾಹನರ ಬೆಳ್ಳಿಯ ನಾಣ್ಯಗಳಲ್ಲಿ ರಾಜರ ಮುಖಗಳುಂಟು. ಆದರೆ ಬರಬರುತ್ತ ಕನ್ನಡನಾಡಿನ ಅರಸರು ಲಾಂಛನವನ್ನೋ ದೇವತೆಯನ್ನೋ ಮುಂದಿಟ್ಟು ತಮ್ಮ ಹೆಸರನ್ನು ಹಿಂದಿಟ್ಟರು. ವಿಜಯನಗರದ ನಾಣ್ಯಗಳು ಇದಕ್ಕೆ ಸಾಕ್ಷಿ. ವೀರಶೈವರಾದ ಇಕ್ಕೇರಿಯ ನಾಯಕರ ವರಹದಲ್ಲಿ ಮುಂಬದಿಗೆ ಶಿವಪಾರ್ವತಿಯರು; ಹಿಂಬದಿಗೆ ‘ಶ್ರೀ ಸದಾಶಿವ’ ಎಂಬ ಅಕ್ಷರಗಳು. ಇಕ್ಕೇರಿಯ ರಾಜ್ಯವನ್ನು ಗೆದ್ದುಕೊಂಡ ಹೈದರಾಲಿಯು ಸಹ ಆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಇರಿಸಿದನು. ಜನರು ಆ ವರಹವನ್ನು ನೆಚ್ಚಿದ್ದರು. ನೆಚ್ಚಿಕೆಯನ್ನು ಕೆಡಿಸಬಾರದೆಂಬ ವಿವೇಕವು ಅವನಿಗಿದ್ದಿತು.

ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನಿರ್ವಹಿಸಿದವರು. ಹಣದ ಒಳಹೊರಗುಗಳನ್ನು ಅವರಷ್ಟು ಬಲ್ಲವರು ಶರಣರಲ್ಲಿ ವಿರಳ. ಆದುದರಿಂದಲೇ ಅವರು ಈ ಲೋಕವನ್ನು ಕಮ್ಮಟಕ್ಕೆ ಹೋಲಿಸಿದಾಗ ಆ ಉಪಮೆಯು ಕೇವಲ ಅಲಂಕಾರವಾಗಿ ಉಳಿಯಲಿಲ್ಲ. ಆ ವಚನವು ತಮ್ಮೆಲ್ಲರಿಗೂ ಕಂಠಸ್ಥವಾಗಿರುವುದರಿಂದ ಅದನ್ನಿಲ್ಲಿ ಎತ್ತಿ ಹೇಳಬೇಕಾದುದಿಲ್ಲ. ಅಂತರಂಗವು ತಾಮ್ರವಾಗಿ ಬಹಿರಂಗವು ಬೆಳ್ಳಿಯಾದವನು ಗ್ಯಾಲಿಯೆನಸನ ನಾಣ್ಯಕ್ಕೆ ಸಮಾನ. ಎರಡೂ ಒಂದೇ ಲೋಹವಾದವನು ಶರಣ.

ಈಗ ನಮ್ಮ ಪ್ರಶ್ನೆಗೆ ಬರುತ್ತೇನೆ. ಸ್ಮರಣನಾಣ್ಯದ ಮೇಲೆ ಶ್ರೀಗಳವರ ಭಾವಚಿತ್ರವಿರಲೆಂದು ಹೇಳುವವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಇಪ್ಪತ್ತೈದು ವರ್ಷಗಳಲ್ಲಿ ಈ ಪೀಠದಿಂದ ಎಷ್ಟು ಮನೆಗಳಲ್ಲಿ ದೀಪ ಹತ್ತಿದೆಯೆಂಬುದನ್ನು ಬಲ್ಲವರು, ಆ ಮುಖವನ್ನು ಮನೆಯ ಜಗಲಿಯಲ್ಲಿ ಇಟ್ಟುಕೊಳ್ಳಬೇಕೆಂದು ಬಯಸುವುದು ಸಹಜ. ಆದರೂ ನನ್ನ ಮನ್ನಣೆ ಬೇರೆಯಾಯಿತು. ಗುರುವಿನ ಮುಖವು ಶಿಷ್ಯನ ನಡತೆಯಲ್ಲಿ ಮೂಡಬೇಕಾದ ಅಚ್ಚು. ಇಷ್ಟಲಿಂಗವನ್ನು ನಾಣ್ಯದ ಮೇಲೆ ಚಿತ್ರಿಸಿರೆಂದು ಕೆಲವರು ಸೂಚಿಸಿದ್ದಾರೆ. ಅದೂ ನನಗೆ ಸಮ್ಮತವಲ್ಲ. ನಾಣ್ಯವು ಚೀಲಕ್ಕೆ ಹೋಗುವುದು, ಒತ್ತೆಗೆ ಹೋಗುವುದು, ನಾಳೆ ಅಕ್ಕಸಾಲೆಯ ಕುಲುಮೆಗೂ ಹೋಗಬಹುದು. ಅಂಗದ ಮೇಲೆ ಇರಬೇಕಾದುದನ್ನು ಅಂಗಡಿಗೆ ಕಳುಹಿಸುವುದು ತರವಲ್ಲ.

ಆದಕಾರಣ ನನ್ನ ಅರಿಕೆ ಇಷ್ಟೇ. ಒಂದು ಬದಿಯಲ್ಲಿ ದಾಸೋಹದ ಸಟ್ಟುಗವೂ ತಾಳೆಗರಿಯ ಕಟ್ಟೂ ಇರಲಿ. ಅನ್ನವೂ ಅಕ್ಷರವೂ ಈ ಮಠದ ಎರಡು ಕೈಗಳು. ಇನ್ನೊಂದು ಬದಿಯಲ್ಲಿ ಮಹೋತ್ಸವದ ವರ್ಷವೂ, ‘ತೂಕ ಇಷ್ಟು, ಚೊಕ್ಕತನ ಇಷ್ಟು’ ಎಂಬ ಮಾತೂ ಇರಲಿ. ಬರೆದ ತೂಕವು ಗುಲಗಂಜಿಯಷ್ಟೂ ಕಡಮೆಯಾಗದಿರಲಿ. ಮಾರಾಟದಿಂದ ಬಂದ ಹಣದ ಲೆಕ್ಕವನ್ನು ಮಠದ ಬಾಗಿಲಲ್ಲಿ ಹಚ್ಚಲಿ. ಉಳಿದುದು ಪ್ರಸಾದನಿಲಯದ ಮಕ್ಕಳ ಪಾಲಿಗೆ ಸಲ್ಲಲಿ.

ಪೀಠದ ಮೇಲೆ ಮುಖಗಳು ಬದಲಾಗುವುವು, ಅದು ಕಾಲಧರ್ಮ. ನಮ್ಮ ಹಿರಿಯ ಗುರುಗಳು ಹೋದರು, ಈಗಿನವರು ಬಂದರು, ಮುಂದೆಯೂ ಬರುವರು. ಇನ್ನು ಐವತ್ತು ವರ್ಷಗಳ ಬಳಿಕ ಯಾವನೋ ದೂರದ ಯಾತ್ರಿಕನು ಈ ಬಾಗಿಲಿಗೆ ಹಸಿದು ಬಂದಾನು. ಅವನಿಗೆ ನಮ್ಮ ಹೆಸರುಗಳು ತಿಳಿಯವು, ಬಿರುದಾವಳಿಗಳು ಓದಲು ಬಾರವು. ಅಂದು ಬಡಿಸುವ ತುತ್ತಿನ ತೂಕವು ಇಂದು ಬಡಿಸುವ ತುತ್ತಿನ ತೂಕಕ್ಕೆ ಸಮವಾಗಿದ್ದರೆ, ಆ ಸಿಂಹಳದ ಅರಸನಂತೆ ಅವನು, ‘ಇವರು ಪ್ರಾಮಾಣಿಕರು’ ಎಂದಾನು. ಅಷ್ಟು ಮಾತಿಗೆ ಪಾತ್ರರಾದರೆ ಈ ಮಹೋತ್ಸವವು ಸಾರ್ಥಕ.

ನನ್ನ ಅಲ್ಪಮತಿಗೆ ತೋಚಿದುದನ್ನು ಅರಿಕೆ ಮಾಡಿಕೊಂಡಿದ್ದೇನೆ. ತೀರ್ಮಾನವು ಶ್ರೀ ಸನ್ನಿಧಿಗೂ ಈ ಮಹಾಸಭೆಗೂ ಸೇರಿದುದು. ತಪ್ಪಿದ್ದರೆ ಮನ್ನಿಸಿ, ಹುರುಳಿದ್ದರೆ ಸ್ವೀಕರಿಸಬೇಕೆಂದು ಬೇಡಿ ವಿರಮಿಸುತ್ತೇನೆ.